ಗಾಳ ಹಿಡಿದ ಕಲೆಕ್ಟರನ ಜಾಡು ಹುಡುಕುವುದು ಹೇಗೆ?

1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಕಿಟೆಲರು ಸಂಪಾದಿಸಿದ ‘ಶಬ್ದಮಣಿದರ್ಪಣ’ ಹೊರಬಂತು. ಮರುವರ್ಷ ಅದೇ ಊರಿನಿಂದ ಇನ್ನೊಂದು ಪುಸ್ತಕ ಬಂತು. ಅದರಲ್ಲಿ ವ್ಯಾಕರಣವೂ ಇರಲಿಲ್ಲ, ಧರ್ಮೋಪದೇಶವೂ ಇರಲಿಲ್ಲ. ಇದ್ದದ್ದು ಮೀನು, ಗಾಳ, ದಾರ, ಎರೆ. ಹೆಸರು ‘ದಿ ರಾಡ್ ಇನ್ ಇಂಡಿಯಾ’. ಮುಖಪುಟದ ಅಡಿಯಲ್ಲಿ ಮಿಷನ್ ಪ್ರೆಸ್ಸಿನ ಸ್ಟೋಲ್ಟ್ಸ್ ಅವರ ಹೆಸರು. ಮೇಲೆ ಲೇಖಕರ ಹೆಸರು, ಹೆನ್ರಿ ಸಲಿವನ್ ಥಾಮಸ್, ಮದ್ರಾಸ್ ಸಿವಿಲ್ ಸರ್ವೀಸ್. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು.

ಹೊಟ್ಟೆಪಾಡಿಗಲ್ಲದೆ ಆಟಕ್ಕಾಗಿ ಗಾಳ ಹಾಕುವವರ ಲೋಕದಲ್ಲಿ ಈ ಪುಸ್ತಕಕ್ಕೆ ದೊಡ್ಡ ಹೆಸರು. ಗಾಳಕ್ಕೆ ಸಿಕ್ಕ ಮಹಶೀರ್ ಎಂಬ ನಮ್ಮ ನದಿಗಳ ದೊಡ್ಡ ಮೀನು, ತೂಕಕ್ಕೆ ತೂಕ ಹೋಲಿಸಿದರೆ, ಇಂಗ್ಲಿಷರ ಕಣ್ಮಣಿಯಾದ ಸಾಲ್ಮನ್ ಮೀನಿಗಿಂತ ಹೆಚ್ಚು ಸೆಣಸುತ್ತದೆ ಎಂದು ಥಾಮಸ್ ಬರೆದರು. ಆ ಮಾತನ್ನು ಇವತ್ತಿಗೂ ಮಹಶೀರ್ ಬಗ್ಗೆ ಬರೆಯುವವರೆಲ್ಲ ಎತ್ತಿಕೊಳ್ಳುತ್ತಾರೆ. ಆದರೆ ಹೇಳಿದವರು ಯಾರು, ಎಲ್ಲೆಲ್ಲಿ ಇದ್ದರು, ಏನೇನು ಮಾಡಿದರು ಎಂದು ಕೇಳಿದರೆ ಉತ್ತರ ‘ಬ್ರಿಟಿಷ್ ಅಧಿಕಾರಿ’ ಎನ್ನುವಲ್ಲಿಗೆ ಮುಗಿಯುತ್ತದೆ. ಹುಲಿ ಹೊಡೆದವರ ಜೀವನಚರಿತ್ರೆಗಳು ಕಪಾಟು ತುಂಬ ಇವೆ. ಮೀನು ಹಿಡಿದವರಿಗೆ ಆ ಭಾಗ್ಯ ಬರಲಿಲ್ಲ.

ಇಂಥವರ ಬದುಕನ್ನು ಹುಡುಕಲು ಹೊರಟವರು ಸಾಮಾನ್ಯವಾಗಿ ಮೀನಿನ ಕಥೆಗಳಿಂದ ಶುರುಮಾಡುತ್ತಾರೆ. ನನ್ನ ಪ್ರಕಾರ ಅದು ತಪ್ಪು ಬಾಗಿಲು. ಗಾಳ ಹಾಕುವವನು ತನ್ನ ಬಗ್ಗೆ ತಾನೇ ಬರೆದದ್ದರಲ್ಲಿ ನದಿ ಇರುತ್ತದೆ, ಮೀನು ಇರುತ್ತದೆ, ಹವೆ ಇರುತ್ತದೆ. ಇಸವಿ, ಸಂಬಳ, ಹೆಂಡತಿ ಮಕ್ಕಳು ಇರುವುದಿಲ್ಲ. ಇವೆಲ್ಲ ಸಿಗುವುದು ಕಚೇರಿಯ ಕಾಗದಗಳಲ್ಲಿ. ಥಾಮಸರ ಮಟ್ಟಿಗಂತೂ ಕಚೇರಿ ಬೇರೆ, ಗಾಳ ಬೇರೆ ಆಗಿರಲೇ ಇಲ್ಲ.

ಮುಖಪುಟಗಳಿಂದಲೇ ಆರಂಭಿಸೋಣ. ಮೊದಲ ಮುದ್ರಣ 1873, ಮಂಗಳೂರು. ಎರಡನೆಯದು 1881, ಲಂಡನ್. ಮೂರನೆಯದು 1897, ಅದೂ ಲಂಡನ್. ನಡುವೆ 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವ ಬಗ್ಗೆ ಇನ್ನೊಂದು ಪುಸ್ತಕ, ‘ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ’. ಇಷ್ಟರಿಂದಲೇ ಒಂದು ಗೆರೆ ಮೂಡುತ್ತದೆ. ಜಿಲ್ಲೆಯಲ್ಲಿದ್ದಾಗ ಜಿಲ್ಲೆಯ ಪ್ರೆಸ್ಸಿಗೆ ಕೊಟ್ಟ ಪುಸ್ತಕ ಎಂಟು ವರ್ಷದಲ್ಲಿ ಲಂಡನ್ನಿನ ಮಾರುಕಟ್ಟೆಗೆ ಹೋಯಿತು ಎಂದರೆ ಕೊಳ್ಳುವವರಿದ್ದರು. ಹೆಸರಿನ ಮುಂದೆ ಲಿನಿಯನ್ ಸೊಸೈಟಿಯ ಫೆಲೋ ಎಂಬ ಬಿರುದು ಅಂಟಿಕೊಂಡಿದೆ ಎಂದರೆ ನಿಸರ್ಗ ವಿಜ್ಞಾನಿಗಳ ಬಳಗ ಆತನನ್ನು ಒಳಗೆ ಬಿಟ್ಟುಕೊಂಡಿತ್ತು. ಅಂಥ ಸಂಘಗಳು ಸದಸ್ಯತ್ವದ ಶಿಫಾರಸು ಪತ್ರಗಳನ್ನು ಇಟ್ಟುಕೊಳ್ಳುತ್ತವೆ. ಯಾರು ಸಹಿ ಹಾಕಿ ಸೇರಿಸಿದರು ಎಂಬುದು ಆತನ ಒಡನಾಟದ ನಕ್ಷೆ. ಇನ್ನು, ಪಶ್ಚಿಮ ಘಟ್ಟದ ಹೊಳೆಗಳಿಂದ ಬಯಲು ಸೀಮೆಯ ಕೆರೆಗಳಿಗೆ ಪುಸ್ತಕದ ವಿಷಯ ಸರಿದದ್ದು ಆಸಕ್ತಿ ಬದಲಾದದ್ದರಿಂದಲೋ, ವರ್ಗಾವಣೆಯಿಂದಲೋ? ಇದಕ್ಕೆ ಉತ್ತರವನ್ನು ಊಹಿಸಬೇಕಾಗಿಲ್ಲ. ಮದ್ರಾಸ್ ಸರ್ಕಾರ ಕಾಲಕಾಲಕ್ಕೆ ಅಚ್ಚು ಹಾಕಿಸುತ್ತಿದ್ದ ಸಿವಿಲ್ ಲಿಸ್ಟ್‌ಗಳಲ್ಲಿ ಪ್ರತಿಯೊಬ್ಬ ಅಧಿಕಾರಿಯ ಹುದ್ದೆ, ಊರು, ರಜೆ ಎಲ್ಲ ಇರುತ್ತವೆ. ಪ್ರತಿ ವರ್ಷ ಮದ್ರಾಸಿನಿಂದ ಬರುತ್ತಿದ್ದ ಆಸೈಲಮ್ ಪ್ರೆಸ್ ಆಲ್ಮನ್ಯಾಕ್ ಎಂಬ ಕೈಪಿಡಿ ಇನ್ನೊಂದು ಸಾಧನ. ಪುಸ್ತಕದಲ್ಲಿ ಬರುವ ಹೊಳೆಗಳ ಹೆಸರನ್ನು ಒಂದು ಹಾಳೆಯಲ್ಲಿ, ಹುದ್ದೆಯ ಊರುಗಳನ್ನು ಇನ್ನೊಂದು ಹಾಳೆಯಲ್ಲಿ ಬರೆದು ಪಕ್ಕಪಕ್ಕ ಇಟ್ಟರೆ, ಯಾವ ಅನುಭವ ಯಾವ ವರ್ಷದ್ದು ಎಂದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಮೂರೂ ಮುದ್ರಣಗಳನ್ನು ಓದುವುದು ಬೇಸರದ ಕೆಲಸ. ಆದರೂ ಮಾಡಲೇಬೇಕು. ಅಂತರ್ಜಾಲದಲ್ಲಿ ಸುಲಭವಾಗಿ ಸಿಕ್ಕ ಒಂದು ಮುದ್ರಣವನ್ನು ಹಿಡಿದು, ಅದರಲ್ಲಿರುವುದನ್ನೆಲ್ಲ 1873ಕ್ಕೆ ಹಾಕಿಬಿಡುವ ಚಾಳಿ ಬಹಳ ಇದೆ. 1897ರಲ್ಲಿ ಸೇರಿಸಿದ ಮಾತು ಇಪ್ಪತ್ತನಾಲ್ಕು ವರ್ಷ ಹಿಂದಕ್ಕೆ ಹೋಗಿ ಕೂತರೆ ಯಾರು ಯಾರಿಂದ ಕಲಿತರು ಎಂಬುದೇ ತಲೆಕೆಳಗಾಗುತ್ತದೆ.

ಕಾಗದ ಎಲ್ಲಿದೆ?

ಕರ್ನಾಟಕದ ಓದುಗರು ಇಲ್ಲಿ ಒಂದು ವಿಷಯ ನೆನಪಿಡಬೇಕು. ದಕ್ಷಿಣ ಕನ್ನಡ ಆಗ ಮೈಸೂರಿನದಲ್ಲ, ಮದ್ರಾಸ್ ಪ್ರಾಂತ್ಯದ ಜಿಲ್ಲೆ. 1956ರ ತನಕವೂ ಹಾಗೆಯೇ. ಆದ್ದರಿಂದ ಬೆಂಗಳೂರಿನ ಪತ್ರಾಗಾರದಲ್ಲಿ ಹುಡುಕಿ ಏನೂ ಸಿಗದೆ ವಾಪಸು ಬಂದರೆ ಆಶ್ಚರ್ಯವಿಲ್ಲ. ಕಂದಾಯ ಮಂಡಳಿಯ ನಡಾವಳಿಗಳು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ಹುಟ್ಟು, ಮದುವೆ, ಸಾವಿನ ಚರ್ಚ್ ದಾಖಲೆಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮದ್ರಾಸಿನವು ಎನ್/2 ಎಂಬ ಶ್ರೇಣಿ. ಪ್ರೆಸ್ಸಿನ ಕಡೆಯ ಕಾಗದ ಬೇಕಾದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿರುವ ಮಿಷನ್ ಸಂಗ್ರಹ, ಜೊತೆಗೆ ನಮ್ಮದೇ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹ.

ಹೆಸರಿನ ಗೊಂದಲ ಇನ್ನೊಂದು ತಲೆನೋವು. ಥಾಮಸ್ ಎಂಬುದು ಅಪರೂಪದ ಹೆಸರಲ್ಲ. ಕೊಯಮತ್ತೂರಿನಲ್ಲಿ ಇ. ಬಿ. ಥಾಮಸ್ ಎಂಬ ಬೇರೊಬ್ಬ ಕಲೆಕ್ಟರ್ ಇದ್ದರು. ವರದಿಯಲ್ಲಿ ‘ಮಿಸ್ಟರ್ ಥಾಮಸ್’ ಎಂದಷ್ಟೇ ಇದ್ದರೆ ಜಿಲ್ಲೆಯನ್ನೂ ವರ್ಷವನ್ನೂ ನೋಡದೆ ಇವರ ಖಾತೆಗೆ ಹಾಕುವಂತಿಲ್ಲ. ನಡುವಿನ ‘ಸಲಿವನ್’ ನೋಡಿದ ಕೂಡಲೇ ಊಟಿಯನ್ನು ಕಟ್ಟಿದ ಜಾನ್ ಸಲಿವನ್ ಅವರ ನೆಂಟರಿರಬೇಕು ಎಂದು ಮನಸ್ಸು ಓಡುತ್ತದೆ. ಓಡಲಿ, ಆದರೆ ಬ್ಯಾಪ್ಟಿಸಮ್ ದಾಖಲೆಯೋ ಉಯಿಲೋ ಕೈಗೆ ಬರುವ ತನಕ ಬರೆಯಬಾರದು. ಇದಕ್ಕಿಂತ ಕಷ್ಟದ್ದು ಗುಪ್ತನಾಮ. ಆ ಕಾಲದ ಶಿಕಾರಿ ಪತ್ರಿಕೆಗಳಿಗೆ ಬರೆಯುವವರು ಬಹುಪಾಲು ಸ್ವಂತ ಹೆಸರು ಹಾಕುತ್ತಿರಲಿಲ್ಲ. ಇಪ್ಪತ್ತನೇ ಶತಮಾನದಲ್ಲೂ ‘ಸ್ಕೀನ್ ಧೂ’, ‘ಸಿಲ್ವರ್ ಹ್ಯಾಕಲ್’ ಎಂಬ ಹೆಸರುಗಳಲ್ಲೇ ಮಹಶೀರ್ ಬೇಟೆಯ ಬರಹಗಳು ಬಂದವು. ಗುಪ್ತನಾಮವನ್ನು ಒಡೆಯಲು ಶೈಲಿಯೊಂದೇ ಸಾಲದು. ಪತ್ರದಲ್ಲಿ ಹೇಳಿದ ಹೊಳೆಯ ಬಳಿ ಆ ತಿಂಗಳು ಅಧಿಕಾರಿ ನಿಜಕ್ಕೂ ಇದ್ದರೇ ಎಂದು ಸಿವಿಲ್ ಲಿಸ್ಟ್ ನೋಡಿ ತಾಳೆ ಹಾಕಬೇಕು.

ಥಾಮಸರ ವಿಷಯದಲ್ಲಿ ಅತಿ ಮುಖ್ಯವಾದ ಕಾಗದ ಪುಸ್ತಕಕ್ಕಿಂತ ಹಳೆಯದು. 1870ರಲ್ಲಿ ಅವರು ದಕ್ಷಿಣ ಕನ್ನಡದ ಮೀನು ಸಾಕಣೆ ಮತ್ತು ರಕ್ಷಣೆಯ ಬಗ್ಗೆ ಸರ್ಕಾರಕ್ಕೆ ವರದಿ ಬರೆದರು. ಅದರ ಹಿನ್ನೆಲೆ ಹೀಗಿದೆ. 1867ರ ಹೊತ್ತಿಗೆ ನೀರಾವರಿ ಇಂಜಿನಿಯರ್ ಸರ್ ಆರ್ಥರ್ ಕಾಟನ್, ನದಿಗಳಿಗೆ ಅಡ್ಡ ಕಟ್ಟಿದ ಅಣೆಕಟ್ಟುಗಳಿಂದ ಮೀನಿನ ಸಂತತಿಗೆ ಪೆಟ್ಟು ಬೀಳುತ್ತಿದೆಯೇ ಎಂಬ ಪ್ರಶ್ನೆ ಎತ್ತಿದ್ದರು. ಮದ್ರಾಸ್ ಸೈನ್ಯದಲ್ಲಿ ವೈದ್ಯರಾಗಿದ್ದು ಮೀನುಗಳ ಹಿಂದೆ ಬಿದ್ದಿದ್ದ ಫ್ರಾನ್ಸಿಸ್ ಡೇ ಅವರಿಗೆ ತನಿಖೆಯ ಕೆಲಸ ಬಂತು. ಮುಂದೆ ಅವರೇ ಇಡೀ ಭಾರತದ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಆದರು. ಇದೇ ಹೊತ್ತಿನಲ್ಲಿ ಒಬ್ಬ ಜಿಲ್ಲಾ ಕಲೆಕ್ಟರ್ ತನ್ನ ಜಿಲ್ಲೆಯ ಹೊಳೆಗಳಲ್ಲಿ ನಡೆಯುತ್ತಿದ್ದುದನ್ನು ಕಣ್ಣಾರೆ ಕಂಡು ಬರೆದ ಕಾಗದವೇ ಆ ವರದಿ. ಮರಿ ಮೀನುಗಳನ್ನೂ ಬಿಡದ ಸಣ್ಣ ಕಣ್ಣಿನ ಬಲೆ, ಹರಿವಿಗೆ ಅಡ್ಡಲಾಗಿ ಕಟ್ಟುವ ಬೇಲಿ ಮತ್ತು ಕೂಳಿ, ನೀರಿಗೆ ವಿಷ ಹಾಕುವುದು, ಇವುಗಳ ಮೇಲೆ ಅವರ ಆಕ್ಷೇಪ.

ಈ ವಿಷ ಹಾಕುವುದು ಏನೆಂದು ಕರಾವಳಿ, ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದು ಗುಂಡಿಗಳಷ್ಟೇ ಉಳಿದಾಗ ಕಾಕಮಾರಿ ಬೀಜವನ್ನೋ ಕಾರೆಕಾಯಿಯನ್ನೋ ಜಜ್ಜಿ ನೀರಿಗೆ ಕದಡಿದರೆ ಮೀನು ಅಮಲೇರಿದಂತೆ ಮೇಲೆ ತೇಲುತ್ತವೆ. ದೊಡ್ಡದು ಬುಟ್ಟಿಗೆ, ಸಣ್ಣದು ಸತ್ತು ಕೊಳೆಯುತ್ತದೆ. ಮಳೆಗಾಲದ ಮೊದಲಲ್ಲಿ ಹತ್ಮೀನು ಹಿಡಿಯುವುದು ಇನ್ನೊಂದು. ತುಳುವರು ಉಬರ್ ಎನ್ನುವ ಈ ಸಂಭ್ರಮದಲ್ಲಿ ಹೊಸ ನೀರಿಗೆ ಎದುರಾಗಿ ಗದ್ದೆ, ತೋಡು ಹತ್ತುವ ಮೀನುಗಳು ಮೊಟ್ಟೆ ತುಂಬಿದವು. ಅವನ್ನು ಹಿಡಿದರೆ ಒಂದು ಮೀನಲ್ಲ, ಒಂದು ಸಂತತಿ ಹೋಯಿತು ಎಂಬ ಲೆಕ್ಕ ಹಾಕುವುದು ಸುಲಭ. ಆದರೆ ಜೂನ್ ತಿಂಗಳಲ್ಲಿ ಕಣಜ ಬರಿದಾದ ಮನೆಗೆ ಆ ಮೀನು ಏನು ಎಂದು ಕೇಳದೆ ಲೆಕ್ಕ ಮುಗಿಯುವುದಿಲ್ಲ. ಥಾಮಸರು ಮೀನನ್ನು ಜನರ ಆಹಾರವೆಂದೂ ವಾದಿಸಿದವರು. ಮರಿಗಳನ್ನು ಬಿಟ್ಟರೆ ಒಟ್ಟು ಮೀನು ಹೆಚ್ಚುತ್ತದೆ ಎಂಬುದು ಅವರ ತರ್ಕ. ಆ ಲಾಭ ತನ್ನ ಗಾಳಕ್ಕೂ ಬರುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಂಶೋಧಕರು ಇಲ್ಲಿ ಅವರನ್ನು ಸಂತನನ್ನಾಗಿಯೂ ಮಾಡಬಾರದು, ಕಪಟಿಯನ್ನಾಗಿಯೂ ಮಾಡಬಾರದು. ಕಲೆಕ್ಟರನ ಅಧಿಕಾರವೂ ಗಾಳಗಾರನ ಆಸೆಯೂ ಒಬ್ಬನೇ ಮನುಷ್ಯನಲ್ಲಿ ಸೇರಿದ್ದೇ ಈ ಬದುಕಿನ ತಿರುಳು.

1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ಸಿಡಿಮದ್ದು ಹಾಕಿ, ವಿಷ ಹಾಕಿ ಮೀನು ಕೊಲ್ಲುವುದು ಅಪರಾಧವಾಯಿತು. ಬಲೆಯ ಕಣ್ಣು, ಅಡ್ಡಗಟ್ಟುಗಳ ಬಗ್ಗೆ ನಿಯಮ ಮಾಡುವ ಅಧಿಕಾರ ಪ್ರಾಂತೀಯ ಸರ್ಕಾರಗಳಿಗೆ ಸಿಕ್ಕಿತು. ಥಾಮಸರ ಪುಸ್ತಕದ ಮೂರನೇ ಮುದ್ರಣದ ವರ್ಷವೂ ಅದೇ. ವರ್ಷ ಒಂದೇ ಆದದ್ದನ್ನು ಕಾರಣ ಎಂದು ಬರೆಯಬಾರದು. 1870ರ ವರದಿಯಿಂದ 1897ರ ಕಾಯ್ದೆಯವರೆಗೆ ಇಪ್ಪತ್ತೇಳು ವರ್ಷದ ಪತ್ರವ್ಯವಹಾರ, ಡೇ ಅವರ ದೊಡ್ಡ ವರದಿ, ಪ್ರಾಂತ್ಯಗಳ ಒಪ್ಪಿಗೆ, ತಕರಾರು ಎಲ್ಲ ಇವೆ. ಆ ಸರಪಳಿಯಲ್ಲಿ ಥಾಮಸರ ಕೊಂಡಿ ಎಷ್ಟು ಗಟ್ಟಿ ಎಂಬುದನ್ನು ಕಡತದಿಂದ ಕಡತಕ್ಕೆ ಹೋಗಿಯೇ ತೋರಿಸಬೇಕು.

ಮೀನೂ ಸಾಕ್ಷಿ ಹೇಳುತ್ತದೆ

ಗಾಳಗಾರನ ಚರಿತ್ರೆ ಬರೆಯುವವರಿಗೆ ಬೇರೆ ಯಾರಿಗೂ ಇಲ್ಲದ ಒಂದು ಅನುಕೂಲ ಇದೆ: ಮೀನುಗಳ ವೈಜ್ಞಾನಿಕ ಹೆಸರುಗಳು. 1874ರಲ್ಲಿ ಡೇ ಅವರು ದಕ್ಷಿಣ ಕನ್ನಡದ ಒಂದು ದೊಡ್ಡ ಮೀನಿಗೆ ಥಾಮಸರ ಹೆಸರಿಟ್ಟರು. ಇಂದು ಅದು ಹೈಪ್ಸೆಲೋಬಾರ್ಬಸ್ ಥಾಮಸ್ಸಿ. ಹೊಗಳಿಕೆ ಅಷ್ಟೇ ಅಲ್ಲ, ಇದೊಂದು ರಸೀದಿ: ಇಬ್ಬರ ನಡುವೆ ಮೀನುಗಳ, ಪತ್ರಗಳ ಓಡಾಟ ಇತ್ತು ಎಂಬುದಕ್ಕೆ. ಡೇ ಹೆಸರಿಟ್ಟ ಮೂಲ ಮಾದರಿಗಳು ಒಂದೇ ಕಡೆ ಇಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಮೀನು ವಿಜ್ಞಾನಿ ಗುಂಥರ್ ಅವರೊಂದಿಗೆ ಡೇ ಅವರಿಗೆ ಆಗಿಬರುತ್ತಿರಲಿಲ್ಲ. 1883ರಲ್ಲಿ ತಮ್ಮ ಸಂಗ್ರಹದ ಒಂದು ದೊಡ್ಡ ಪಾಲನ್ನು ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿಗೆ ಮಾರಿದರು. ಉಳಿದವು ಕಲ್ಕತ್ತಾ, ಲಂಡನ್, ಲೈಡನ್ ಎಂದು ಚದುರಿವೆ. ಹೀಗಾಗಿ ನೇತ್ರಾವತಿ ಸೀಮೆಯ ಮೀನಿನ ಹಿಂದೆ ಹೊರಟವರು ಸಿಡ್ನಿಯ ಸೀಸೆಯ ಚೀಟಿಯನ್ನೂ ಓದಬೇಕಾಗಿ ಬರಬಹುದು. ಚೀಟಿಯಲ್ಲಿ ಕೊಟ್ಟವರ ಹೆಸರೋ ಊರೋ ಇದ್ದರೆ ಅದು ಯಾವ ಆತ್ಮಕಥೆಗಿಂತಲೂ ನಂಬಿಕೆಯದು.

ಹೆಸರಿನ ವಿಷಯದಲ್ಲಿ ಎಚ್ಚರವೂ ಬೇಕು. ಥಾಮಸ್ ‘ಮಹಶೀರ್’ ಎಂದಾಗ ಯಾವ ಮೀನು? ಆಗ ಹಿಮಾಲಯದಿಂದ ಕಾವೇರಿಯವರೆಗಿನ ಮಹಶೀರ್‌ಗಳನ್ನು ಬಹುಮಟ್ಟಿಗೆ ಒಂದೇ ಹೆಸರಿನಡಿ ತಂದಿದ್ದರು. ಇಂದಿನ ವಿಜ್ಞಾನಿಗಳು ಅವನ್ನು ಹಲವು ಜಾತಿಗಳಾಗಿ ಬಿಡಿಸುತ್ತಾರೆ. ಕಾವೇರಿಯ ಆ ಹೆಸರಾಂತ ಗೂನುಬೆನ್ನಿನ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ: ಟಾರ್ ರೆಮಾದೇವಿ. ಕೇರಳದ ಪಾಂಬಾರ್ ನದಿಯ ಮೀನಿಗೆ 2007ರಲ್ಲಿ ಇಟ್ಟ ಹೆಸರು ಅದು. ಎರಡೂ ಒಂದೇ ಎಂದು ನಂತರ ತಿಳಿಯಿತು. 2018ರಲ್ಲೇ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹಾಗಾಗಿ ಥಾಮಸರ ವಾಕ್ಯವನ್ನು ಎತ್ತಿ ಕಾವೇರಿಯ ಮೀನಿಗೆ ನೇರವಾಗಿ ಅಂಟಿಸುವುದು ಸರಿಯಲ್ಲ.

ಅಂದಹಾಗೆ, ಥಾಮಸರ ಕಣ್ಣು ಬರೀ ಬೇಟೆಗಾರನದಲ್ಲ. ಮಹಶೀರ್ ತನ್ನ ಮೊಟ್ಟೆಗಳನ್ನು ಒಂದೇ ಸಲಕ್ಕೆ ಇಡದೆ ಋತುವಿನಲ್ಲಿ ಕಂತು ಕಂತಾಗಿ ಇಡುತ್ತದೆ ಎಂದು ಅವರು ಬರೆದದ್ದನ್ನು ಮೀನು ವಿಜ್ಞಾನಿಗಳು ಇಂದಿಗೂ ಉಲ್ಲೇಖಿಸುತ್ತಾರೆ. ಆಟದ ಗಾಳದಿಂದ ವಿಜ್ಞಾನಕ್ಕೆ ಸಿಕ್ಕದ್ದು ಇದೊಂದೇ ಅಲ್ಲ. ಕಾವೇರಿ ತೀರದ ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಹಿಡಿದು ಬಿಟ್ಟ ಮೀನುಗಳ ಲೆಕ್ಕದ ಪುಸ್ತಕಗಳೇ, ಗೂನುಬೆನ್ನಿನ ಮಹಶೀರ್ ಕ್ಷೀಣಿಸಿ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿದ್ದನ್ನು ತೋರಿಸಿಕೊಟ್ಟವು.

ಇನ್ನು ತೂಕದ ಪ್ರಶ್ನೆ. ಕೈತಪ್ಪಿದ ಮೀನು ಪ್ರತಿ ಸಲ ಹೇಳುವಾಗಲೂ ಒಂದಿಷ್ಟು ಉದ್ದವಾಗುತ್ತದೆ. ದಾಖಲೆಗಳನ್ನು ಹಾಗಾಗಿ ದರ್ಜೆ ಮಾಡಿ ನೋಡಬೇಕು. ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರ ಮಾರ್ಚ್ 22ರಂದು ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ. ಅದಕ್ಕೆ ತೂಕ ಇದೆ, ತಾರೀಖು ಇದೆ. ಹಿಡಿದವರ ಮನೆತನವೇ ಪ್ರಾಣಿಗಳ ಚರ್ಮ ತುಂಬುವ ಕಸುಬಿನದು. 1919ರ ಡಿಸೆಂಬರ್‌ನಲ್ಲಿ ರಿವೆಟ್ ಕಾರ್ನಾಕ್ ಎಂಬ ಮೇಜರ್ ಕಾವೇರಿಯಲ್ಲಿ ಹಿಡಿದದ್ದು 119 ಪೌಂಡು. ಇದಕ್ಕೆ ಎದುರಾಗಿ, ಆನೆ ಖೆಡ್ಡಾದ ಸ್ಯಾಂಡರ್ಸನ್ ಮೈಸೂರು ಸೀಮೆಯ ನದಿಗಳಲ್ಲಿ 150 ಪೌಂಡಿನ ಮೀನುಗಳಿರಬೇಕು ಎಂದು ಬರೆದದ್ದು ಅಂದಾಜು. ಅಂದಾಜು ಸುಳ್ಳೆಂದಲ್ಲ, ತಕ್ಕಡಿ ಏರಿದ ಮೀನಿನ ಸಾಲಿನಲ್ಲಿ ಅದನ್ನು ಕೂರಿಸುವಂತಿಲ್ಲ, ಅಷ್ಟೇ.

ತಕ್ಕಡಿ ಇಲ್ಲದ ಕಡೆ ಗಾಳಗಾರರು ಒಂದು ಸೂತ್ರ ಬಳಸುತ್ತಾರೆ: ಇಂಚುಗಳಲ್ಲಿ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ. 60 ಇಂಚು ಉದ್ದ, 40 ಇಂಚು ಸುತ್ತಳತೆಯ ಮೀನಿಗೆ ಲೆಕ್ಕ 120 ಪೌಂಡಿಗೆ ಬರುತ್ತದೆ. ಸುತ್ತಳತೆಯನ್ನು 42 ಎಂದು ಬರೆದುಕೊಂಡರೆ ಅದೇ ಮೀನು 132 ಪೌಂಡು. 38 ಎಂದರೆ 108. ಎರಡು ಇಂಚಿನ ಉತ್ಸಾಹಕ್ಕೆ ಹನ್ನೆರಡು ಪೌಂಡು. ಅದೂ ಅಲ್ಲದೆ ಈ ಬಗೆಯ ಸೂತ್ರ ಟ್ರೌಟ್, ಸಾಲ್ಮನ್‌ಗಳ ಮೈಕಟ್ಟು ನೋಡಿ ಹುಟ್ಟಿದ್ದು, ಗೂನುಬೆನ್ನಿಗೆ ಅಳತೆ ತೆಗೆದದ್ದಲ್ಲ. ಗೋಡೆಗೆ ತೂಗುಹಾಕಿದ ಒಣ ಮೀನನ್ನು ಅಳೆದು ತೂಕ ಹೇಳುವವರನ್ನು ನಾನಂತೂ ನಂಬುವುದಿಲ್ಲ. ಚರ್ಮ ತುಂಬುವಾಗ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ.

ಮೊದಲಿಗನೇ?

ಥಾಮಸರನ್ನು ಭಾರತದ ಕ್ರೀಡಾ ಗಾಳದ ‘ಮೊದಲಿಗ’ ಎನ್ನುವ ಮಾತು ಬಹಳ ಕಡೆ ಇದೆ. ಅದನ್ನು ಬರೆಯುವ ಮೊದಲು ಕಲ್ಯಾಣಕ್ಕೆ ಹೋಗಿ ಬರಬೇಕು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದ ಮೂರನೇ ದಶಕದ ಹೊತ್ತಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ಸಾಲಿನಲ್ಲಿ ಮತ್ಸ್ಯವಿನೋದವೂ ಒಂದು. ಯಾವ ಯಾವ ಮೀನು, ಅವಕ್ಕೆ ಯಾವ ಯಾವ ಆಹಾರ, ಕೋಲು ಎಂಥದ್ದು, ದಾರ ಎಂಥದ್ದು, ಎರೆ ಹೇಗೆ ಕಟ್ಟಬೇಕು ಎಂದೆಲ್ಲ ಅಲ್ಲಿದೆ. ಹೊಟ್ಟೆಗಲ್ಲ, ವಿನೋದಕ್ಕೆ ಎಂದು ಹೆಸರಿನಲ್ಲೇ ಹೇಳಿ ಬರೆದ ಅಧ್ಯಾಯ. ಥಾಮಸರ ಪುಸ್ತಕಕ್ಕಿಂತ ಏಳುನೂರು ವರ್ಷಕ್ಕೂ ಮಿಕ್ಕಿ ಹಿಂದಿನದು, ಬರೆದವನು ಇಂದಿನ ಬಸವಕಲ್ಯಾಣದಿಂದ ಆಳಿದವನು. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1950ರ ದಶಕದ ಆರಂಭದಲ್ಲಿ ಈ ಅಧ್ಯಾಯವನ್ನು ಮೀನು ವಿಜ್ಞಾನಿಯ ಕಣ್ಣಿನಿಂದ ಓದಿ ಬರೆದ ಮೇಲೂ ಗಾಳದ ಚರಿತ್ರೆಗಳು ಬಹುಪಾಲು ಇಂಗ್ಲಿಷರಿಂದಲೇ ಶುರುವಾಗುತ್ತವೆ.

ಹಾಗಾದರೆ ಥಾಮಸ್ ಯಾವುದರಲ್ಲಿ ಮೊದಲಿಗ? ಭಾರತದ ಮೀನುಗಳಿಗೆ ಗಾಳ ಹಾಕುವ ಬಗೆಯನ್ನು ಇಂಗ್ಲಿಷಿನಲ್ಲಿ, ಅಚ್ಚಿನಲ್ಲಿ, ಕೈಪಿಡಿಯಾಗಿ ಹರಡಿದವರಲ್ಲಿ ಆತ ಮುಂಚಿನವರು. ಗಾಳವನ್ನೂ ಮೀನು ರಕ್ಷಣೆಯ ಕಾನೂನನ್ನೂ ಒಂದೇ ಮೇಜಿನ ಮೇಲೆ ತಂದವರಲ್ಲೂ ಮುಂಚಿನವರು. ಇಷ್ಟು ಹೇಳಿದರೆ ಸಾಕು. ‘ಮೊದಲು’ ಎಂಬ ಮಾತಿಗೆ ಯಾವ ಭಾಷೆಯಲ್ಲಿ, ಯಾವ ಬಗೆಯಲ್ಲಿ ಎಂಬ ಬೇಲಿ ಹಾಕದ ಜೀವನಚರಿತ್ರೆ ಬೇಗ ಹಳತಾಗುತ್ತದೆ.

ಮೀನುಗಳನ್ನು ಕಾಯುವುದೂ ಈ ಜಿಲ್ಲೆಗೆ ಕಲೆಕ್ಟರ್ ಕಲಿಸಿದ್ದಲ್ಲ. ಕಪಿಲಾ ಹೊಳೆಯ ಶಿಶಿಲದಲ್ಲಿ ದೇವಸ್ಥಾನದ ಮುಂದಿನ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಘಟ್ಟದ ಮೇಲೆ ಶೃಂಗೇರಿಯ ತುಂಗೆಯಲ್ಲೂ ಅದೇ ಕಟ್ಟಳೆ. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರೇ ದುಃಖಿಸಿತು. ಕಾನೂನಿನ ಕಡತದಲ್ಲಿ ಕಾಣದ ಇಂಥ ಕಾವಲು ಥಾಮಸರ ಕಣ್ಣಿಗೆ ಬಿತ್ತೇ, ಬಿದ್ದರೆ ಅದರಿಂದ ಏನು ಕಲಿತರು ಎಂಬ ಪ್ರಶ್ನೆ ಇಟ್ಟುಕೊಂಡು ಅವರ ಬರಹ ಓದಬೇಕು.

ಇದರ ಜೊತೆಗೇ ಬರುವುದು ಹೆಸರಿಲ್ಲದವರ ಪ್ರಶ್ನೆ. ಯಾವ ಗುಂಡಿಯಲ್ಲಿ ಯಾವ ತಿಂಗಳು ದೊಡ್ಡ ಮೀನು ನಿಲ್ಲುತ್ತದೆ, ಯಾವ ಹಣ್ಣು ನೀರಿಗೆ ಬೀಳುವಾಗ ಅದು ಮೇಲೆ ಬರುತ್ತದೆ ಎಂಬುದು ಇಂಗ್ಲೆಂಡಿನಿಂದ ಬಂದವರಿಗೆ ಹುಟ್ಟಿನಿಂದ ಗೊತ್ತಿರಲಿಲ್ಲ. ಹೊಳೆ ಬದಿಯವರು ತೋರಿಸಿದರು, ದೋಣಿ ಹಿಡಿದವರು ಹೇಳಿದರು. ಇಂಗ್ಲಿಷರ ಬೇಟೆ ಪುಸ್ತಕಗಳಲ್ಲಿ ಇಂಥವರು ಸಾಮಾನ್ಯವಾಗಿ ‘ನನ್ನ ಆಳು’, ‘ಒಬ್ಬ ಬೆಸ್ತ’ ಎಂದು ಬಂದುಹೋಗುತ್ತಾರೆ. ಅವರ ಮಾತು ಸ್ವಲ್ಪವಾದರೂ ಕಾಗದಕ್ಕೆ ಇಳಿದಿರುವ ಒಂದು ಜಾಗ ಎಂದರೆ ಡೇ ಅವರ 1873ರ ವರದಿ. ಅದಕ್ಕಾಗಿ ತಾಲೂಕು ತಾಲೂಕಿನ ದೇಶೀ ಅಧಿಕಾರಿಗಳಿಗೆ ಪ್ರಶ್ನೆಗಳನ್ನು ಕಳಿಸಿ, ಬಲೆಯ ಕಣ್ಣು ಎಷ್ಟು ಸಣ್ಣದು, ಮರಿ ಮೀನು ಹಿಡಿಯುತ್ತಾರೆಯೇ, ಮೀನು ತಿನ್ನುವವರು ಎಷ್ಟು ಮಂದಿ ಎಂದೆಲ್ಲ ಕೇಳಿ ಉತ್ತರ ತರಿಸಿದ್ದರು. ದಕ್ಷಿಣ ಕನ್ನಡದ ಉತ್ತರಗಳನ್ನು ಥಾಮಸರ 1870ರ ವರದಿಯ ಪಕ್ಕದಲ್ಲಿಟ್ಟು ಓದಿದರೆ, ಕಲೆಕ್ಟರ್ ಕಂಡದ್ದು ಎಷ್ಟು, ತಹಶೀಲ್ದಾರರು ಹೇಳಿದ್ದು ಎಷ್ಟು, ತಹಶೀಲ್ದಾರರಿಗೆ ಬೆಸ್ತರು ಹೇಳಿದ್ದು ಎಷ್ಟು ಎಂದು ಬಿಡಿಸಲು ಒಂದು ದಾರಿ ಸಿಗುತ್ತದೆ.